ಹೊಸೂರು ಕಡೆಯಿಂದ ಬನ್ನೇರುಘಟ್ಟಕ್ಕೆ: ಮೂರು ದಿನದ ದಾರಿ

ಬೆಂಗಳೂರಿನವರಿಗೆ ಬನ್ನೇರುಘಟ್ಟ ಎಂದರೆ ಊರ ಕೊನೆ. ಮೆಜೆಸ್ಟಿಕ್ಕಿನಲ್ಲಿ 365ನೇ ನಂಬರಿನ ಬಸ್ಸು ಹತ್ತಿ ಸುಮಾರು 22 ಕಿ.ಮೀ. ಹೋದರೆ ಹುಲಿ, ಸಿಂಹ, ಸಂಜೆಗೆ ವಾಪಸ್ಸು. ಗಡಿಯಾಚೆ ತಮಿಳುನಾಡಿನ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ನಮ್ಮಂಥ ಕನ್ನಡಿಗರಿಗೆ ಲೆಕ್ಕ ತಿರುಗಾಮುರುಗಾ. ನಮ್ಮ ರಾಗಿ ಹೊಲದ ಬದು ಮುಗಿದಲ್ಲಿ ಶುರುವಾಗುವ ಕಾಡು ಉತ್ತರಕ್ಕೆ ಹೋಗುತ್ತಾ ಹೋಗುತ್ತಾ ಟಿಕೆಟ್ ಕೌಂಟರಿನ ಹಿಂದೆ ಮುಗಿಯುತ್ತದೆ. ಹಾಗಾಗಿ ಇಲ್ಲಿಂದ ಹೊರಡುವವರು ಮೊದಲು ಕಾಡು, ಆಮೇಲೆ ಮೃಗಾಲಯ ನೋಡುವುದು ಒಳ್ಳೆಯದು. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಕಾಲು ನೋವು ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ದಿನ ಗೊತ್ತು ಮಾಡುವಾಗ ಒಂದು ವಿಷಯ ಮರೆಯಬಾರದು: ಉದ್ಯಾನಕ್ಕೆ ಮಂಗಳವಾರ ರಜೆ. ಸೋಮವಾರ ಹೊರಟು ಮಂಗಳವಾರ ಗೇಟಿನ ಮುಂದೆ ನಿಲ್ಲುವವರು ಪ್ರತಿ ವಾರವೂ ಇರುತ್ತಾರೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಫಾರಿ ಸಾಲಿನಲ್ಲೇ ಅರ್ಧ ದಿನ ಕಳೆಯುತ್ತದೆ. ಬುಧವಾರ ಹೊರಟು ಶುಕ್ರವಾರ ಮನೆಗೆ ಬರುವುದು ಸರಿಯಾದ ಲೆಕ್ಕ. ತಿಂಗಳು ಯಾವುದೆಂದರೆ ನವೆಂಬರ್. ಹಿಂಗಾರು ಮಳೆ ಬಿದ್ದು ಕಾಡು ಹಸಿರಿರುತ್ತದೆ, ಚಿಟ್ಟೆ ಇರುತ್ತದೆ, ರಾಗಿ ತೆನೆ ಕಟ್ಟಿರುತ್ತದೆ. ರಾಗಿ ತೆನೆ ಕಟ್ಟಿದರೆ ಆನೆಯೂ ಬಂದಿರುತ್ತದೆ.

ಮೊದಲನೆಯ ದಿನ, ಬುಧವಾರ: ಹೊಸೂರು, ತಳಿ, ಜವಳಗಿರಿ

ಹೊಸೂರು ಬಸ್ ನಿಲ್ದಾಣದಿಂದ ತಳಿಗೆ ಹೋಗುವ ಬಸ್ಸಿನ ಬೋರ್ಡು ತಮಿಳಿನಲ್ಲಿರುತ್ತದೆ. ಓದಲು ಬಾರದವರು ಕಂಡಕ್ಟರನ್ನು ಕೇಳಿದರೆ ಆಯಿತು. ಈ ದಾರಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸೀಟಿನಲ್ಲಿ ಕೂತಿರುತ್ತವೆ. ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆ ಭರವಸೆಯಲ್ಲಿ ಗಡಿ ದಾಟಬೇಡಿ. ಕರ್ನಾಟಕದಲ್ಲಿ 2023ರ ಜೂನ್‌ನಿಂದ ಇರುವ ಶಕ್ತಿ ಯೋಜನೆ ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಮನೆಮಾತು ಕನ್ನಡವಾದರೂ ಆಧಾರ್ ಕಾರ್ಡಿನಲ್ಲಿ ಕೃಷ್ಣಗಿರಿ ಜಿಲ್ಲೆ ಎಂದಿದ್ದರೆ ಆನೇಕಲ್ಲಿನಿಂದ ಮುಂದಕ್ಕೆ ಪೂರ್ತಿ ಟಿಕೆಟ್. ಚಿಲ್ಲರೆ ಇಟ್ಟುಕೊಳ್ಳಿ.

ತಳಿಯ ತಂಪು ಹವೆ ಕಂಡು ಬ್ರಿಟಿಷರು ಇದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದರಂತೆ. ಈಗ ದಾರಿಯುದ್ದಕ್ಕೂ ಕಾಣುವುದು ಗುಲಾಬಿ ಬೆಳೆಯುವ ಪಾಲಿಹೌಸುಗಳ ಬಿಳಿ ಪ್ಲಾಸ್ಟಿಕ್ಕು, ಟೊಮೆಟೊ, ಕೋಸು. ಅವುಗಳ ನಡುವೆ ರಾಗಿ, ರಾಗಿಯ ಒಳಗೆ ಅಕ್ಕಡಿ ಸಾಲಿನಲ್ಲಿ ಅವರೆ. ಕಾಡಿನ ಕಡೆ ತಿರುಗಿದಷ್ಟೂ ಪಾಲಿಹೌಸು ಕಡಿಮೆಯಾಗಿ ಹೊಲದ ಅಟ್ಟಣೆಗಳು ಶುರುವಾಗುತ್ತವೆ. ನಾಲ್ಕು ಗಳು, ಮೇಲೆ ಗರಿಯ ಚಪ್ಪರ, ಒಂದು ಟಾರ್ಚು, ಒಂದು ಕಂಬಳಿ. ನವೆಂಬರಿನಿಂದ ಕಟಾವು ಮುಗಿಯುವವರೆಗೆ ಮನೆಗೊಬ್ಬರು ಇಲ್ಲೇ ಮಲಗುತ್ತಾರೆ. ಮಲಗುವುದು ಎನ್ನುವುದು ಬಾಯಿಮಾತು, ನಿದ್ದೆ ಇರುವುದಿಲ್ಲ.

ಜವಳಗಿರಿ ಅರಣ್ಯ ವಲಯ ಬನ್ನೇರುಘಟ್ಟದ ದಕ್ಷಿಣದ ಬಾಗಿಲು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ 1974ರಲ್ಲಿ ಘೋಷಣೆಯಾದಾಗ ಸುಮಾರು 104 ಚದರ ಕಿ.ಮೀ. ಇತ್ತು, ಆಮೇಲೆ ಸುಮಾರು 260 ಚದರ ಕಿ.ಮೀ.ಗೆ ಬೆಳೆಯಿತು. ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ, ಕೋಡಿಹಳ್ಳಿ ಅದರ ನಾಲ್ಕು ವಲಯಗಳು. ಅದರ ದಕ್ಷಿಣಕ್ಕೆ ತಮಿಳುನಾಡು 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವನ್ನೂ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಧಾಮವನ್ನೂ ಘೋಷಿಸಿತು. ಭೂಪಟದಲ್ಲಿ ಮೂರು ಹೆಸರು, ಎರಡು ರಾಜ್ಯ; ಆನೆಗೆ ಒಂದೇ ದಾರಿ. ಮಳೆಗಾಲ ಮುಗಿಯುತ್ತಲೇ ಹಿಂಡುಗಳು ಬನ್ನೇರುಘಟ್ಟ, ಕೋಡಿಹಳ್ಳಿ ಕಡೆಯಿಂದ ಜವಳಗಿರಿ, ತಳಿ, ಡೆಂಕಣಿಕೋಟೆ, ನೊಗನೂರು ಕಾಡುಗಳ ಮೂಲಕ ಹೊಸೂರಿನ ಪಕ್ಕದ ಸಾನಮಾವುವರೆಗೆ ಬರುತ್ತವೆ. 1980ರ ದಶಕದಲ್ಲಿ ಈ ಕಡೆಯಿಂದ ಹೊರಟ ಹಿಂಡುಗಳು ಆಂಧ್ರದ ಚಿತ್ತೂರು ಜಿಲ್ಲೆಗೂ ಹೋಗಿ ನೆಲೆನಿಂತವು. ಅಲ್ಲಿ ಕೌಂಡಿನ್ಯ ವನ್ಯಧಾಮ ಹುಟ್ಟಿದ್ದೇ ಅವುಗಳಿಗಾಗಿ.

ಕಾಯ್ದಿಟ್ಟ ಅರಣ್ಯದೊಳಗೆ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಅದರ ಅಗತ್ಯವೂ ಇಲ್ಲ, ರಸ್ತೆಬದಿಯಲ್ಲೇ ಓದಲು ಬೇಕಾದಷ್ಟಿದೆ. ಆನೆ ಕಂದಕವನ್ನೇ ನೋಡಿ. ಸುಮಾರು 3 ಮೀಟರ್ ಅಗಲ, ಅಷ್ಟೇ ಆಳ ಎಂಬುದು ಕಾಗದದ ಲೆಕ್ಕ. ಈ ಸೀಮೆಯ ನೆಲದಲ್ಲಿ ಒಂದಾಳುದ್ದ ಅಗೆಯುವ ಹೊತ್ತಿಗೆ ಬಂಡೆ ಸಿಗುತ್ತದೆ, ಅಲ್ಲಿ ಕಂದಕ ತುಂಡಾಗುತ್ತದೆ. ಮಣ್ಣಿರುವ ಕಡೆ ಎರಡು ಮಳೆಗಾಲಕ್ಕೆ ದಡ ಕುಸಿಯುತ್ತದೆ. ಮಿಕ್ಕದ್ದನ್ನು ಆನೆಯೇ ಮುಂಗಾಲಿನಿಂದ ದಡ ಒದ್ದು, ಮಣ್ಣು ಜಾರಿಸಿ, ಇಳಿಜಾರು ಮಾಡಿಕೊಳ್ಳುತ್ತದೆ. ಸೋಲಾರ್ ಬೇಲಿಯಲ್ಲಿ ಸೆಕೆಂಡಿಗೊಮ್ಮೆ ಬರುವ ಹೊಡೆತ ಕೊಲ್ಲುವುದಿಲ್ಲ, ಬೆಚ್ಚಿಬೀಳಿಸುತ್ತದೆ ಅಷ್ಟೇ. ಬೇಲಿ ಕೆಲಸ ಮಾಡಬೇಕಾದರೆ ತಂತಿಗೆ ಹುಲ್ಲು, ಬಳ್ಳಿ ತಾಗಬಾರದು. ತಾಗಿದರೆ ಕರೆಂಟು ನೆಲಕ್ಕೆ ಸೋರಿಹೋಗುತ್ತದೆ. ವಾರಕ್ಕೊಮ್ಮೆ ಹುಲ್ಲು ಸವರದ ಬೇಲಿ ಬರೀ ತಂತಿ. ಅದೂ ಅಲ್ಲದೆ ಒಣಮರ ಕರೆಂಟು ಹಾಯಿಸುವುದಿಲ್ಲ ಎಂಬುದನ್ನು ಸಲಗಗಳು ಯಾವತ್ತೋ ಕಲಿತಿವೆ: ಮರ ಮುರಿದು ತಂತಿಯ ಮೇಲೆ ಕೆಡವಿ ದಾಟುತ್ತವೆ. ಈಚೆಗೆ ಹೊಸೂರು ವಿಭಾಗದಲ್ಲಿ ಉಕ್ಕಿನ ಹಗ್ಗದ ಬೇಲಿ, ಆಚೆ ಕರ್ನಾಟಕದಲ್ಲಿ ರೈಲು ಕಂಬಿಯ ಬೇಲಿ ಬಂದಿವೆ. ಗಟ್ಟಿಯೇನೋ ಹೌದು, ಆದರೆ ಬೇಲಿ ಎಲ್ಲಿ ನಿಲ್ಲುತ್ತದೋ ಅದರ ಪಕ್ಕದ ಹೊಲದವನಿಗೆ ಆ ವರ್ಷದ ನಷ್ಟದ ಪಾಲು ಎರಡರಷ್ಟು.

ಆನೆ ನುಗ್ಗಿದ ರಾಗಿ ಹೊಲವನ್ನು ಬೆಳಗಿನ ಬಿಸಿಲಿನಲ್ಲಿ ನೋಡಬೇಕು. ಸೊಂಡಿಲಲ್ಲಿ ಒಂದು ಬುಡ ಹಿಡಿದು ಬೇರುಸಹಿತ ಕೀಳುತ್ತದೆ, ಮುಂಗಾಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸುತ್ತದೆ, ಆಮೇಲೆ ಬಾಯಿಗೆ. ಹಾಗೆ ಬಡಿದ ಜಾಗದಲ್ಲಿ ಮಣ್ಣಿನ ಸಣ್ಣ ಗುಪ್ಪೆಗಳು ಸಾಲಾಗಿ ಬಿದ್ದಿರುತ್ತವೆ. ಗುಪ್ಪೆ ಎಣಿಸಿದರೆ ಎಷ್ಟು ಹೊತ್ತು ನಿಂತಿತ್ತು ಎಂದು ಅಂದಾಜಾಗುತ್ತದೆ. ದೊಡ್ಡ ಆನೆಗೆ ದಿನಕ್ಕೆ 150 ಕಿಲೋದಷ್ಟು ಮೇವು ಬೇಕು. ಆದರೆ ರೈತನಿಗೆ ಹೊಟ್ಟೆ ಉರಿಯುವುದು ತಿಂದದ್ದಕ್ಕಿಂತ ತುಳಿದದ್ದನ್ನು ಕಂಡು.

ರಾತ್ರಿ ತಳಿಯಲ್ಲೋ ಆನೇಕಲ್ಲಿನಲ್ಲೋ ಉಳಿಯಬಹುದು. ಆನೇಕಲ್ಲೇ ವಾಸಿ, ಮರುದಿನ ಬೆಳಿಗ್ಗೆ ಒಂದು ಗಂಟೆ ಉಳಿಯುತ್ತದೆ.

ಎರಡನೆಯ ದಿನ, ಗುರುವಾರ: ಸಫಾರಿ, ಮೃಗಾಲಯ

ಆನೇಕಲ್ಲಿನಿಂದ ಜಿಗಣಿ ಮೇಲೆ ಬನ್ನೇರುಘಟ್ಟ. ಜಿಗಣಿ ಕೈಗಾರಿಕೆ ಪ್ರದೇಶವಾದ್ದರಿಂದ ಎಂಟೂವರೆಗೆ ರಸ್ತೆ ಲಾರಿ, ಕಂಪನಿ ಬಸ್ಸುಗಳಿಂದ ಗಿಜಿಗುಡುತ್ತದೆ. ಏಳೂವರೆಗೇ ಹೊರಟುಬಿಡಿ. ಗೇಟು ತೆರೆಯುವುದು ಒಂಬತ್ತೂವರೆಗೆ. ಟಿಕೆಟನ್ನು ಹಿಂದಿನ ದಿನವೇ ಆನ್‌ಲೈನಿನಲ್ಲಿ ತೆಗೆದಿಟ್ಟರೆ ಒಂದು ಸಾಲು ತಪ್ಪುತ್ತದೆ. ಟಿಕೆಟ್ ಕೊಳ್ಳುವಾಗ ಗಮನಿಸಬೇಕಾದ್ದು: ಮೃಗಾಲಯದ ಟಿಕೆಟ್ಟೇ ಬೇರೆ, ಸಫಾರಿಯದೇ ಬೇರೆ; ಮೃಗಾಲಯದ್ದಷ್ಟೇ ಕೊಂಡು ಒಳಗೆ ಹೋದಮೇಲೆ ಸಫಾರಿ ನೆನಪಾದರೆ ಮತ್ತೆ ಹೊರಗೆ ಬರಬೇಕು.

ಸಫಾರಿಯನ್ನು ಮೊದಲ ಬಸ್ಸಿನಲ್ಲೇ ಮುಗಿಸಬೇಕು. ಕಾರಣ ಸರಳ. ಸಿಂಹ ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ಮಲಗಿರುವ ಪ್ರಾಣಿ. ಬಿಸಿಲೇರಿದ ಮೇಲೆ ನಿಮಗೆ ಸಿಗುವುದು ಪೊದೆಯ ಕೆಳಗೆ ಕಾಣುವ ಒಂದು ಹೊಟ್ಟೆ. ಬೆಳಿಗ್ಗೆ ರಾತ್ರಿಯ ಕೋಣೆಯಿಂದ ಆಗತಾನೆ ಬಿಟ್ಟಿರುತ್ತಾರೆ, ಗಡಿ ಮೂಸುತ್ತಾ ತಿರುಗುತ್ತವೆ. ಮಧ್ಯಾಹ್ನ ನಾಲ್ಕರ ಮೇಲೆ ಊಟದ ಹೊತ್ತು ಹತ್ತಿರವಾದಾಗ ಮತ್ತೆ ಎದ್ದು ಕೋಣೆಯ ಬಾಗಿಲ ಕಡೆ ಬರುತ್ತವೆ, ಆದರೆ ಆ ಹೊತ್ತಿಗೆ ಸಫಾರಿಯೂ ಮುಗಿಯುತ್ತಾ ಬಂದಿರುತ್ತದೆ.

ಬಸ್ಸು ಮೊದಲು ಹೋಗುವುದು ಸಸ್ಯಾಹಾರಿಗಳ ಬಯಲಿಗೆ. ಜಿಂಕೆ, ಕಡವೆ, ನೀಲಗಾಯಿ, ಕಾಟಿ. ಆಮೇಲೆ ಕರಡಿ, ಸಿಂಹ, ಹುಲಿ. ಪ್ರತಿಯೊಂದಕ್ಕೂ ಜೋಡಿ ಗೇಟು. ಹೊರಗೇಟು ತೆರೆದು ಬಸ್ಸು ಒಳಗೆ ನಿಂತು, ಅದು ಮುಚ್ಚಿದ ಮೇಲೆಯೇ ಒಳಗೇಟು ತೆರೆಯುತ್ತದೆ. ಎರಡೂ ಒಟ್ಟಿಗೆ ತೆರೆದಿರುವುದಿಲ್ಲ. ಹತ್ತಿಪ್ಪತ್ತು ಸೆಕೆಂಡು ಬಸ್ಸು ಸುಮ್ಮನೆ ನಿಂತಾಗ ಜನ "ಯಾಕಪ್ಪಾ ನಿಂತೆ" ಎಂದು ಡ್ರೈವರನ್ನು ಕೂಗುವುದು ಇಲ್ಲೇ.

ಕಿಟಕಿಯ ಪಕ್ಕ ಕೂತವರು ಫೋನಿನ ಫ್ಲಾಶ್ ಆರಿಸಿ, ಜಾಲರಿಯಿದ್ದರೆ ಲೆನ್ಸನ್ನು ಅದರ ಒಂದು ಕಣ್ಣಿಗೆ ಸಮೀಪ ಹಿಡಿಯಬೇಕು. ದೂರ ಹಿಡಿದರೆ ಫೋನು ಜಾಲರಿಗೇ ಫೋಕಸ್ ಮಾಡುತ್ತದೆ, ಹುಲಿ ಮಬ್ಬಾಗುತ್ತದೆ. ಹತ್ತಿರ ಎಂದರೆ ಒಳಗಡೆಯಿಂದ ಹತ್ತಿರ. ಬೆರಳಾಗಲಿ ಫೋನಾಗಲಿ ಹೊರಕ್ಕೆ ಚಾಚುವಂತಿಲ್ಲ. ಚಿರತೆ ಸಫಾರಿಯಲ್ಲಿ ಇದು ಇನ್ನೂ ಮುಖ್ಯ. 2024ರ ಜೂನ್‌ನಲ್ಲಿ ಶುರುವಾದ ಈ ಸಫಾರಿ 20 ಹೆಕ್ಟೇರಿನ ಕಲ್ಲುಕಾಡಿನಲ್ಲಿದೆ. ಸಿಂಹಕ್ಕೆ ಕಟ್ಟಿದ ಬೇಲಿ ಚಿರತೆಗೆ ಏಣಿ ಇದ್ದಂತೆ. ಆದ್ದರಿಂದ ಇಲ್ಲಿ 4.5 ಮೀಟರ್ ಎತ್ತರದ ಜಾಲರಿಯ ಮೇಲೆ ತಗಡನ್ನು 30 ಡಿಗ್ರಿ ಓರೆಯಾಗಿ ಹೊದಿಸಿದ್ದಾರೆ. ಜಾಲರಿಯಲ್ಲಿ ಉಗುರು ನಾಟುತ್ತದೆ, ತಗಡಿನಲ್ಲಿ ಜಾರುತ್ತದೆ. ಆದರೆ ಬಸ್ಸಿಗೆ ಓರೆ ತಗಡಿಲ್ಲ. ಆ ವರ್ಷವೇ ಚಿರತೆಯೊಂದು ಬಸ್ಸಿನ ಕಿಟಕಿಗೆ ಹತ್ತಿದ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತ್ತು.

ಕರಡಿಗಳ ಹತ್ತಿರ ಒಂದೆರಡು ನಿಮಿಷ ಹೆಚ್ಚು ಕೊಡಿ. ಇಲ್ಲಿ 2005ರಿಂದ ಕರಡಿ ಪುನರ್ವಸತಿ ಕೇಂದ್ರ ನಡೆಯುತ್ತಿದೆ. ಕುಣಿಸುವವರ ಕೈಯಿಂದ ಬಿಡಿಸಿ ತಂದ ಕರಡಿಗಳ ಮೂತಿಯ ಮೇಲೆ ಹಗ್ಗ ಪೋಣಿಸಿದ ಗಾಯದ ಗುರುತು ಉಳಿದಿರುತ್ತದೆ, ಕೋರೆಹಲ್ಲು ಕಿತ್ತಿರುತ್ತಾರೆ. ಆದರೆ ಮುಂಭಾಗದ ಮೇಲಿನ ಎರಡು ಹಲ್ಲು ಇಲ್ಲದಿರುವುದು ಯಾರ ಕ್ರೌರ್ಯವೂ ಅಲ್ಲ, ನಮ್ಮ ಕರಡಿಯ ಹುಟ್ಟೇ ಹಾಗೆ. ಆ ಸಂದಿಯಿಂದಲೇ ಅದು ಗೆದ್ದಲನ್ನು ಊದಿ, ಹೀರಿ ತಿನ್ನುವುದು. ಸಿಂಹಗಳ ಕಥೆಯೂ ಅರ್ಧ ಹೀಗೇ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸುವುದನ್ನು ನಿಷೇಧಿಸಿದ ಮೇಲೆ ಸರ್ಕಸ್ಸಿನಿಂದ ಬಂದ ಪ್ರಾಣಿಗಳಿಗೆ ಆಸರೆಯಾದ ಜಾಗಗಳಲ್ಲಿ ಇದೂ ಒಂದು. ಬಿಳಿ ಹುಲಿ ಕಂಡಾಗ ಬಸ್ಸು ತುಂಬ ಚಪ್ಪಾಳೆ. ಅದು ಬೇರೆ ಜಾತಿಯಲ್ಲ. ಒಂದು ಜೀನಿನ ವ್ಯತ್ಯಾಸ, ಅದನ್ನು ಉಳಿಸಿಕೊಳ್ಳಲು ತಲೆಮಾರುಗಳಿಂದ ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸಿ ಪಡೆದ ಬಣ್ಣ. ಹೆಚ್ಚುಕಡಿಮೆ ಎಲ್ಲವುಗಳ ಮೂಲವೂ 1951ರಲ್ಲಿ ರೇವಾ ಕಾಡಿನಲ್ಲಿ ಸಿಕ್ಕ ಒಂದು ಮರಿ. ಮೆಳ್ಳೆಗಣ್ಣು ಕೂಡ ಆ ಬಣ್ಣದ ಜೊತೆಗೇ ಬರುತ್ತದೆ.

ಹನ್ನೊಂದೂವರೆಗೆ ಸಫಾರಿ ಮುಗಿದರೆ ನಡಿಗೆಯ ಮೃಗಾಲಯ. ಇದು ಕಾಲಿಗೆ ಕೆಲಸ. ವಯಸ್ಸಾದವರಿದ್ದರೆ ಬ್ಯಾಟರಿ ಗಾಡಿ ಹಿಡಿಯಿರಿ. ಪ್ಲಾಸ್ಟಿಕ್ ಕವರು, ಕುರುಕಲು ಪೊಟ್ಟಣ ತರಬೇಡಿ. ಕಾವಲಿನವರು ಬಿಟ್ಟರೂ ಕೋತಿಗಳು ಬಿಡುವುದಿಲ್ಲ. ಅವು ಕೈಯನ್ನಲ್ಲ, ಕವರಿನ ಸರಸರ ಸದ್ದನ್ನು ಗುರಿ ಇಡುತ್ತವೆ. ಬುತ್ತಿಯನ್ನು ಬಟ್ಟೆ ಚೀಲದಲ್ಲಿ, ಚೀಲವನ್ನು ಹೆಗಲಿಗೆ ಅಡ್ಡಲಾಗಿ. ಜಿರಾಫೆ, ಝೀಬ್ರಾ, ನೀರಾನೆ ಇವೆಲ್ಲ ಮಕ್ಕಳಿಗೆ ಸಾಕಷ್ಟು, ಹೆಚ್ಚು ಬರೆಯುವುದೇನಿಲ್ಲ. ನೀರಾನೆ ಮಧ್ಯಾಹ್ನ ನೀರೊಳಗೇ ಇರುತ್ತದೆ, ಎರಡು ಕಿವಿ ಕಂಡರೆ ಪುಣ್ಯ.

ನಿಲ್ಲಬೇಕಾದ ಜಾಗ ಆನೆಗಳದು. ಇಲ್ಲಿನ ಸಾಕಾನೆಗಳನ್ನು ಸಂಜೆ ಉದ್ದನೆಯ ಸರಪಳಿ ಹಾಕಿ ಕಾಡಿಗೆ ಮೇಯಲು ಬಿಡುವ ವಾಡಿಕೆ ಇದೆ. ಬೆಳಿಗ್ಗೆ ಮಾವುತರು, ಕಾವಾಡಿಗಳು ನೆಲದ ಮೇಲೆ ಸರಪಳಿ ಎಳೆದ ಗೀರು ಹಿಡಿದು ಹುಡುಕಿಕೊಂಡು ಹೋಗಿ ಕರೆತರುತ್ತಾರೆ. ಸರಪಳಿಯ ಗೀರಿನ ಪಕ್ಕದಲ್ಲಿ ಕೆಲವು ಬೆಳಿಗ್ಗೆ ಗೀರಿಲ್ಲದ ಹೆಜ್ಜೆಗಳೂ ಇರುತ್ತವೆ, ದೊಡ್ಡವು. ಕಾಡಿನ ಸಲಗಗಳು ಇಲ್ಲಿನ ಹೆಣ್ಣಾನೆಗಳ ಜೊತೆ ಕೂಡುತ್ತವೆ, ಇಲ್ಲಿ ಹುಟ್ಟಿದ ಮರಿಗಳಿಗೆ ಕಾಡಾನೆಗಳೇ ಅಪ್ಪಂದಿರು. ಬೆಂಗಳೂರಿನ ಮಕ್ಕಳು ಫೋಟೊ ತೆಗೆಸಿಕೊಳ್ಳುವ ಮರಿಯ ಅಪ್ಪ ನಿನ್ನೆ ರಾತ್ರಿ ತಳಿಯ ಯಾರದೋ ರಾಗಿಯಲ್ಲಿ ನಿಂತಿರಬಹುದು. ಇಷ್ಟು ಗೊತ್ತಿದ್ದರೆ ಮೃಗಾಲಯದ ಕಟಕಟೆ ಬೇರೆಯಾಗಿ ಕಾಣುತ್ತದೆ.

ಇದೇ ಕಾರಣಕ್ಕೆ ಗೇಟಿನ ಹೊರಗಿನ ಬಡಾವಣೆಗಳ ಬೋರ್ಡು ನೋಡಿದರೆ ಕಸಿವಿಸಿಯಾಗುತ್ತದೆ. ಉದ್ಯಾನದ ಸುತ್ತ ಕಟ್ಟಡ, ಗಣಿಗಳಿಗೆ ಕಡಿವಾಣ ಇರುವ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇದ್ದದ್ದು ಆಮೇಲೆ 168.84ಕ್ಕೆ ಇಳಿಯಿತು. ಇಳಿದ ನೂರು ಚದರ ಕಿ.ಮೀ. ಬೆಂಗಳೂರಿನ ಲೆಕ್ಕದಲ್ಲಿ ಸೈಟು. ಆ ಕಡೆ ದಾರಿ ಕಿರಿದಾದಷ್ಟೂ ಹಿಂಡು ಈ ಕಡೆಗೆ ತಿರುಗುತ್ತದೆ.

ಮೂರನೆಯ ದಿನ, ಶುಕ್ರವಾರ: ಚಿಟ್ಟೆ, ಚಂಪಕಧಾಮ, ಮುತ್ಯಾಲಮಡುವು

ಚಿಟ್ಟೆ ಉದ್ಯಾನವನ್ನು ಎರಡನೆಯ ದಿನದ ಕೊನೆಗೆ ತುರುಕುವವರೇ ಹೆಚ್ಚು. ಸಂಜೆ ನಾಲ್ಕಕ್ಕೆ ಹೋಗಿ "ಏನೂ ಇಲ್ಲ" ಎಂದು ಹೊರಬರುತ್ತಾರೆ. ತಪ್ಪು ಚಿಟ್ಟೆಯದಲ್ಲ. ಅದರ ಮೈ ತಾನೇ ಕಾವು ಹುಟ್ಟಿಸಿಕೊಳ್ಳುವುದಿಲ್ಲ, ರೆಕ್ಕೆ ಹರಡಿ ಬಿಸಿಲು ಕುಡಿದ ಮೇಲೆಯೇ ಹಾರಾಟ. ಹತ್ತರಿಂದ ಹನ್ನೆರಡೂವರೆ ಒಳ್ಳೆಯ ಹೊತ್ತು. ಮೋಡ ಮುಚ್ಚಿದರೆ ಕಾಯಿರಿ, ಬಿಸಿಲು ಬಿದ್ದ ಐದೇ ನಿಮಿಷಕ್ಕೆ ಗಿಡಗಳಿಗೆ ಜೀವ ಬರುತ್ತದೆ.

2006ರಲ್ಲಿ ತೆರೆದ ಇದು ದೇಶದ ಮೊದಲ ಚಿಟ್ಟೆ ಉದ್ಯಾನ, ಏಳೂವರೆ ಎಕರೆ. ಪಾಲಿಕಾರ್ಬೊನೇಟ್ ಚಾವಣಿಯ ದುಂಡನೆಯ ಮನೆಯೊಳಗೆ 10,000 ಚದರಡಿ ಜಾಗ, ಒಳಗೆ ಸಣ್ಣ ಜಲಪಾತ, ಹೂಗಿಡ. ಒಳಗೆ ಹೋದ ತಕ್ಷಣ ಕನ್ನಡಕ ಮಂಜಾಗುತ್ತದೆ, ತೇವ ಅಷ್ಟಿರುತ್ತದೆ. ಕ್ಯಾಮೆರಾವನ್ನು ಚೀಲದಿಂದ ತೆಗೆದು ಹತ್ತು ನಿಮಿಷ ಸುಮ್ಮನೆ ಕೊರಳಿಗೆ ತೂಗಿಕೊಳ್ಳಿ, ಲೆನ್ಸು ತಾನೇ ತಿಳಿಯಾಗುತ್ತದೆ; ಅಂಗಿಯ ತುದಿಯಿಂದ ಒರೆಸಿದರೆ ಗೀರು ಬೀಳುತ್ತದೆ.

ನೆಲ ನೋಡಿ ನಡೆಯಿರಿ. ಒದ್ದೆ ಮಣ್ಣಿನ ಮೇಲೆ ಗುಂಪಾಗಿ ಕೂತಿರುವವು ಹೆಚ್ಚಾಗಿ ಗಂಡುಗಳು, ಉಪ್ಪಿನಂಶ ಹೀರಲು ಬಂದವು. ಆಮೇಲೆ ಎಲೆಯ ಅಡಿ ನೋಡಿ. ಯಾವ ಗಿಡಕ್ಕೆ ಯಾವ ಚಿಟ್ಟೆ ಎಂಬುದು ಗೊತ್ತಿದ್ದರೆ ಹುಡುಕುವುದು ಸುಲಭ: ಎಕ್ಕದ ಮೇಲೆ ಪ್ಲೇನ್ ಟೈಗರ್, ಕರಿಬೇವು ಮತ್ತು ನಿಂಬೆಯ ಮೇಲೆ ಕಾಮನ್ ಮಾರ್ಮನ್, ಈಶ್ವರಿ ಬಳ್ಳಿಯ ಮೇಲೆ ಕ್ರಿಮ್ಸನ್ ರೋಸ್. ಈಶ್ವರಿ ಬಳ್ಳಿ ಕರ್ನಾಟಕದ ರಾಜ್ಯ ಚಿಟ್ಟೆಯಾದ ದೊಡ್ಡ ಹಳದಿ ಕಪ್ಪಿನ ಬರ್ಡ್‌ವಿಂಗಿಗೂ ತವರು. ಅದರ ಹುಳು ಆ ವಿಷದ ಬಳ್ಳಿ ತಿಂದು ತಾನೂ ವಿಷವಾಗುತ್ತದೆ, ಹಕ್ಕಿ ಒಮ್ಮೆ ಕಚ್ಚಿದರೆ ಮತ್ತೆ ಮುಟ್ಟುವುದಿಲ್ಲ. ಎಕ್ಕದ ಎಲೆಯಡಿ ಇಟ್ಟ ಮೊಟ್ಟೆ ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಹೊರಬಂದ ಹುಳುವಿಗೆ ಮೊದಲ ಊಟ ತನ್ನ ಮೊಟ್ಟೆಯ ಸಿಪ್ಪೆ, ಆಮೇಲೆ ಎಲೆ.

ಮನೆಗೆ ಒಯ್ಯಬಹುದಾದ ವಿದ್ಯೆ ಒಂದಿದೆ. ಹೊಲದ ಬದುವಿನಲ್ಲಿ ಬೆಳೆಯುವ ಗಿಲುಗಿಚ್ಚಿ ಗಿಡ, ಕಾಯಿ ಒಣಗಿದಾಗ ಮಕ್ಕಳು ಅಲ್ಲಾಡಿಸಿ ಸದ್ದು ಮಾಡುತ್ತಾರಲ್ಲ, ಅದನ್ನು ಕಿತ್ತು ಬಾಡಿಸಿ ಬೇಲಿಗೆ ತೂಗುಹಾಕಿ. ಬ್ಲೂ ಟೈಗರ್, ಕಾಮನ್ ಕ್ರೋ ಗಂಡು ಚಿಟ್ಟೆಗಳು ಹತ್ತಾರು ಬಂದು ಒಣಗಿದ ಕಾಂಡಕ್ಕೆ ಅಂಟಿಕೊಳ್ಳುತ್ತವೆ. ಹೂವಿನ ಆಸೆಗಲ್ಲ, ಆ ಗಿಡದಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕದಿಂದಲೇ ಅವು ಹೆಣ್ಣನ್ನು ಕರೆಯುವ ವಾಸನೆ ತಯಾರಿಸುವುದು. ಹಸಿರು ಗಿಡಕ್ಕೆ ಇಷ್ಟು ಬರುವುದಿಲ್ಲ, ಬಾಡಿದ ಗಿಡವೋ ಮುರಿದ ಗಿಡವೋ ಆಗಬೇಕು.

ಬನ್ನೇರುಘಟ್ಟ ಊರಿನಲ್ಲಿ ಬೆಟ್ಟದ ಬುಡಕ್ಕೆ ಚಂಪಕಧಾಮ ಸ್ವಾಮಿ ಗುಡಿ. ಮಧ್ಯಾಹ್ನ ಬಾಗಿಲು ಹಾಕುವ ಮೊದಲು ಮುಗಿಸಿ. ಸುವರ್ಣಮುಖಿಯ ಕಲ್ಯಾಣಿಗೂ ಹೋಗುವುದಾದರೆ ಒಬ್ಬೊಬ್ಬರೇ ಹೋಗದೆ ಜನರಿರುವ ಹೊತ್ತಿಗೆ ಹೋಗಬೇಕು, ಅದು ಕಾಡಿನ ಅಂಚು.

ವಾಪಸ್ಸು ಆನೇಕಲ್ಲಿಗೆ ಬಂದರೆ ಅಲ್ಲಿಂದ ಸುಮಾರು 5 ಕಿ.ಮೀ. ಮುತ್ಯಾಲಮಡುವು. ಮಳೆಗಾಲ ಮುಗಿದ ಒಂದೆರಡು ತಿಂಗಳು ನೀರು ಮುತ್ತು ಉದುರಿದಂತೆ ಬೀಳುತ್ತದೆ, ಹೆಸರು ಬಂದದ್ದು ಹಾಗೆ. ಫೆಬ್ರವರಿಯಲ್ಲಿ ಹೋದವರು ಒದ್ದೆ ಬಂಡೆ ನೋಡಿ ಬರುತ್ತಾರೆ. ಕೆಳಗಿಳಿಯುವ ಮೆಟ್ಟಿಲು ಪಾಚಿಗಟ್ಟಿರುತ್ತದೆ, ಚಪ್ಪಲಿಗಿಂತ ಪಟ್ಟಿ ಇರುವ ಮೆಟ್ಟು ಒಳ್ಳೆಯದು. ನಾಲ್ಕೂವರೆಗೆ ಮೇಲೆ ಬಂದಿರಬೇಕು, ಯಾಕೆಂದರೆ ಮುಂದಿನದು ತಳಿಯ ದಾರಿ.

ಆನೇಕಲ್ಲಿನಿಂದ ತಳಿಗೆ ಬೈಕಿನಲ್ಲಿ ಹೋಗುವವರು ನವೆಂಬರಿನಿಂದ ಫೆಬ್ರವರಿವರೆಗೆ ಆರು ಗಂಟೆಯೊಳಗೆ ಊರು ಸೇರಿಕೊಳ್ಳಬೇಕು. ಕತ್ತಲಾದರೆ ಬಸ್ಸೇ ಸರಿ. ಹೊರಡುವ ಮುಂಚೆ ಟೀ ಅಂಗಡಿಯಲ್ಲಿ "ಅಣ್ಣಾ, ಇವತ್ತು ಯಾವ ಕಡೆ ಐತೆ?" ಎಂದು ಕೇಳಿದರೆ ಸಾಕು. ಏನು ಎಂದು ಯಾರೂ ಕೇಳುವುದಿಲ್ಲ, ದಿಕ್ಕು ಹೇಳುತ್ತಾರೆ. ರಸ್ತೆಯಲ್ಲಿ ಎದುರಾದರೆ ಹಾರ್ನ್ ಹೊಡೆಯಬೇಡಿ, ದೀಪ ಎತ್ತಬೇಡಿ. ನೂರು ಮೀಟರಾದರೂ ಹಿಂದೆ ಸರಿದು, ಎಂಜಿನ್ ಆರಿಸದೆ, ಗಾಡಿಯ ಮೂತಿ ವಾಪಸ್ಸು ಹೋಗುವ ದಿಕ್ಕಿಗೆ ತಿರುಗಿಸಿಟ್ಟುಕೊಳ್ಳಿ. ಮೊದಲ ಆನೆ ದಾಟಿದ ಕೂಡಲೇ ಹೊರಡಬೇಡಿ. ಮರಿ ಸಾಮಾನ್ಯವಾಗಿ ನಡುವೆ ಇರುತ್ತದೆ, ಅದರ ಹಿಂದೆ ಇನ್ನೊಂದು ದೊಡ್ಡದು ಬರುವುದಿರುತ್ತದೆ.